ಇಸ್ತ್ರಿಯಕ್ಕನ ಗೋಡೆ

"ಮೊದಲು ಸ್ಟೂಲಿಂದ ಇಳೀರಿ," ಎಂದಳು ಮಗಳು.

ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಡಬ್ಬಿಗೆ ಸ್ಕ್ರೂಡ್ರೈವರ್ ಹಚ್ಚಿದ್ದ ಮೆಕ್ಯಾನಿಕ್ ತಬ್ಬಿಬ್ಬಾದ. ಅವನು ಶೂ ಹಾಕಿಕೊಂಡೇ ಹತ್ತಿದ್ದ ಆ ಸ್ಟೂಲು, ಇಸ್ತ್ರಿ ಮಾಡಿ ಕಾಲು ಸೋತಾಗ ಅವಳ ಅಮ್ಮ ಕೂರುತ್ತಿದ್ದುದು. ಬೀದಿಯವರೆಲ್ಲ ಇಸ್ತ್ರಿಯಕ್ಕ ಎನ್ನುತ್ತಿದ್ದ ಅಮ್ಮ ಈಗ ಒಳಗೆ ಹೂವಿನಡಿ ಮಲಗಿದ್ದಳು. ಹೆಣ ಒಯ್ಯುವ ವ್ಯಾನ್ ಇನ್ನೂ ಬಂದಿರಲಿಲ್ಲ. ಡಬ್ಬಿ ಒಯ್ಯುವ ಕಾರು ಬಂದಿತ್ತು.

ಪ್ರೊಫೆಸರು ಹೂಗುಚ್ಛ ಹಿಡಿದು ಮುಂದೆ ಬಂದರು. "ತಪ್ಪು ತಿಳೀಬೇಡಮ್ಮ. ಅನುದಾನದ ಅವಧಿ ಮುಗೀತು. ಗಾಳಿ ಅಳೆಯೋ ಡಬ್ಬಿಗಳನ್ನೆಲ್ಲ ಇವತ್ತೇ ವಾಪಸ್ ಕೊಡ್ಬೇಕು. ಹೇಗೂ ಅಮ್ಮನ್ನ ನೋಡೋಕೆ ಬರ್ತಾ ಇದ್ವಲ್ಲ..."

"ಒಂದೇ ಟ್ರಿಪ್ಪಲ್ಲಿ ಎರಡೂ ಆಯ್ತು," ಎಂದ ಕಟ್ಟೆ ಮೇಲೆ ಕೂತಿದ್ದ ಪಕ್ಕದ ಮನೆ ದರ್ಜಿ. "ಪೆಟ್ರೋಲ್ ಉಳೀತು ಬಿಡಿ ಸಾರ್."

ಮೆಕ್ಯಾನಿಕ್ ಸ್ಟೂಲಿಂದ ಇಳಿದ.

*

ಎರಡು ವರ್ಷದ ಹಿಂದೆ, ಡಬ್ಬಿ ಬರುವ ಮುನ್ನಾದಿನ, ಅಮ್ಮ ತಾನೇ ನಿಂತು ಆ ಗೋಡೆಗೆ ಸುಣ್ಣ ಹೊಡೆದಿದ್ದಳು. ಬೀದಿಯ ಕೊನೆಗೆ ಹಳೆ ಟೈರು ಸುಡುವ ಕಾರ್ಖಾನೆ. ಹೊರಗೆ ಹಾಕಿದ ಬಿಳಿ ಅಂಗಿ ಮಧ್ಯಾಹ್ನದ ಹೊತ್ತಿಗೆ ಬೂದಿ ಬಣ್ಣ. ವಿಶ್ವವಿದ್ಯಾಲಯವೂ ಬೀದಿಯವರೂ ಸೇರಿ ಮಾಡುವ ಆರೋಗ್ಯದ ಕೆಲಸಕ್ಕೆ ದೊಡ್ಡ ಅನುದಾನ ಸಿಕ್ಕಿದೆ, ನೀವೂ ಪಾಲುದಾರರು ಎಂದು ಪ್ರೊಫೆಸರು ಹೇಳಿ ಹೋಗಿದ್ದರು.

"ಸ್ಕೂಲಿನ ಮೆಟ್ಟಿಲು ಹತ್ತದವಳು ವಿಶ್ವವಿದ್ಯಾಲಯಕ್ಕೆ ಪಾಲುದಾರಳಾದೆ ನೋಡೇ!" ಅಮ್ಮ ನಗಲು ಹೋಗಿ ಕೆಮ್ಮಿದಳು.

"ಕೆಮ್ಮಲ್ಲೂ ಪಾಲು ತಗೋತಾರಾ, ಕೇಳಮ್ಮ."

"ಸುಮ್ನಿರೇ. ಅಳೆದು ಮುಗಿದ್ಮೇಲೆ ಬೀದೀಲೇ ಸಭೆ ಕರೆದು ಎಲ್ಲರ ಎದುರು ಹೇಳ್ತಾರಂತೆ. ಆಮೇಲೆ ಆ ಹೊಗೆ ಹೇಗೆ ನಿಲ್ಲಲ್ವೋ ನೋಡೇ ಬಿಡೋಣ."

ಸಭೆಗೆಂದು ಹೊಸ ಚಪ್ಪಲಿ ಎತ್ತಿಟ್ಟಳು. ಅದು ಇವತ್ತಿಗೂ ಕಾಗದದಲ್ಲೇ ಇತ್ತು.

*

"ಸಾರ್, ಇಡೀ ಬೀದಿ ಇಲ್ಲೇ ಇದೆ," ಎಂದಳು ಮಗಳು. "ಇದೇ ಸಭೆ ಅಂದ್ಕೊಳ್ಳಿ. ಡಬ್ಬಿ ಏನಂತು, ಹೇಳಿ. ಅಮ್ಮ ಇನ್ನೂ ಒಳಗಿದ್ದಾಳೆ, ಕೇಳಿಸ್ಕೊಳ್ಳಲಿ."

ಪ್ರೊಫೆಸರು ದನಿ ತಗ್ಗಿಸಿದರು. "ವರದಿ ಹೊರಗೆ ಹೇಳೋ ಹಾಗಿಲ್ಲಮ್ಮ. ಕಾರ್ಖಾನೆಯವರೂ ಇದರಲ್ಲಿ ಪಾಲುದಾರರೇ. ಅವರು ಒಪ್ಪಬೇಕು. ಮುಂದಿನ ಅನುದಾನ ಬಂದ್ರೆ..."

"ಮುಂದಿನದಕ್ಕೆ ಯಾರ ಅಮ್ಮ ಬೇಕು ನಿಮಗೆ?"

ಪ್ರೊಫೆಸರು ಹೂಗುಚ್ಛವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಮಗಳು ಮೆಕ್ಯಾನಿಕ್ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ಬರಿಗಾಲಲ್ಲಿ ಸ್ಟೂಲು ಹತ್ತಿದಳು. ಸ್ಕ್ರೂಗಳನ್ನು ಬಿಚ್ಚಿ, ಡಬ್ಬಿಯನ್ನು ಅವರ ಹೂವಿನ ಮೇಲೇ ಕುಕ್ಕಿದಳು. "ತಗೊಂಡು ಹೋಗಿ."

ತಿರುಗಿ ನೋಡಿದಾಗ ಅವಳಿಗೆ ಗೋಡೆ ಕಂಡಿತು. ದರ್ಜಿಯ ಹೆಂಡತಿ, ಬಂದವರೆದುರು ಮಸಿ ಕಾಣಬಾರದೆಂದು, ಒದ್ದೆ ಬಟ್ಟೆ ಹಿಡಿದು ಒರೆಸಲು ಬಂದಳು.

"ಬೇಡ ಅಕ್ಕ. ಹಾಗೇ ಇರ್ಲಿ."

ವ್ಯಾನ್ ಬಂತು. ಅಮ್ಮನನ್ನು ಹೊತ್ತವರು ಹೊಸ್ತಿಲು ದಾಟಿ, ಯಾರೂ ಹೇಳದೆಯೇ ನಿಂತರು. ಹೊಗೆ ಹಿಡಿದು ಕರ್ರಗಾದ ಗೋಡೆಯ ನಡುವೆ, ಡಬ್ಬಿ ಮುಚ್ಚಿಟ್ಟಿದ್ದಷ್ಟೇ ಜಾಗದಲ್ಲಿ, ಅಮ್ಮ ಹೊಡೆದ ಸುಣ್ಣ ಉಳಿದಿತ್ತು. ಅಂಗೈ ಎರಡರಷ್ಟು ಅಗಲ, ಆಗಷ್ಟೇ ಇಸ್ತ್ರಿ ಮಾಡಿ ಮಡಚಿಟ್ಟ ಬಟ್ಟೆಯಂತೆ ಬೆಳ್ಳಗೆ.