ಉಂಡೆಯ ಕೊರಳಪಟ್ಟಿ

ಟೈಲರ್ ಹಾಕಿದ ಹೊಲಿಗೆ ಬಿಟ್ಟಿತೆಂದು ದೂರು ಹೇಳಿದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಬಟ್ಟೆ ಚಿಂದಿಯಾದೀತು, ಹೊಲಿಗೆ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಅದು ಅವನ ಹೆಮ್ಮೆ. ಹೆಮ್ಮೆ ಯಾರನ್ನು ಸುಮ್ಮನೆ ಬಿಟ್ಟಿದೆ? ಅವನಿಗೂ ಅದೇ ಮುಳುವಾಯಿತು.

ಅಂಗಡಿಯೂ ಮನೆಯೂ ಒಂದೇ ಸೂರಿನಡಿ. ಬೀದಿಯ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ. ಪರದೆ ಸರಿಸಿದರೆ ಹಿಂದಿನ ಕೋಣೆಯಲ್ಲಿ ಹೆಂಡತಿಯ ಮಂಚ. ಈ ಹೆಂಡತಿ ಒಂದು ಕಾಲಕ್ಕೆ ಬಾಯಿ ತೆರೆದರೆ ಬೀದಿಯ ಆ ತುದಿಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಅಳತೆ ಹಿಡಿಯುವುದಷ್ಟೇ ಗಂಡನದು, ಗಿರಾಕಿಗಳ ಜೊತೆ ಜಗಳವೆಲ್ಲ ಅವಳದು. ಅಂಥವಳಿಗೆ ಪಾರ್ಶ್ವವಾಯು ಹೊಡೆದು ಮೈಯ ಬಲಭಾಗ ಬಿದ್ದುಹೋಯಿತು, ಮಾತು ಪೂರ್ತಿ ನಿಂತುಹೋಯಿತು. ಎಡಗೈಯೊಂದು ಆಡುತ್ತಿತ್ತು. ಕಣ್ಣು ಎಲ್ಲವನ್ನೂ ನೋಡುತ್ತಿತ್ತು.

ಇವರಿಬ್ಬರ ಜೊತೆ ಉಂಡೆ ಇತ್ತು. ಕಾಯಿಲೆ ಬೀಳುವ ಸ್ವಲ್ಪ ಮೊದಲು ಅವಳೇ ಹಟ ಹಿಡಿದು ತಂದಿದ್ದ ನಾಯಿಮರಿ ಅದು. ಮೈತುಂಬ ಉಣ್ಣೆಯಂಥ ಕೂದಲಿದ್ದ ಮರಿ ಮನೆಗೆ ಬಂದ ದಿನ ನೂಲಿನ ಉಂಡೆಯ ಹಾಗೆ ಉರುಳಾಡಿತೆಂದು ಹೆಸರಿಟ್ಟವಳೂ ಅವಳೇ. ಈಗ ಅದು ಇಡೀ ದಿನ ಮಂಚದ ಎಡಬದಿಗೆ ಒರಗಿ ಕೂರುತ್ತಿತ್ತು, ಅವಳ ಕೈ ಅದರ ಮೈಮೇಲೆ ಆಡುತ್ತಿತ್ತು. ಉಂಡೆ ಪಕ್ಕದಲ್ಲಿಲ್ಲದಿದ್ದರೆ ಅವಳು ಊಟಕ್ಕೆ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಡಾಕ್ಟರು ಕೂಡ, "ನನ್ನ ಔಷಧಿಗಿಂತ ಈ ನಾಯಿ ಮೇಲೆ ನನಗೆ ಹೆಚ್ಚು ನಂಬಿಕೆ ಕಣ್ರೀ" ಅಂದಿದ್ದರು.

ಆದರೆ ಆ ಎಡಗೈಗೆ ಒಂದು ಚಾಳಿ ಅಂಟಿತು. ಉಂಡೆಯ ಕೊರಳಪಟ್ಟಿಯ ಬಕಲ್ ಬಿಚ್ಚುವುದು. ಟೈಲರ್ ಹಾಕುವುದು, ಇವಳು ಬಿಚ್ಚುವುದು. ಒಂದು ದಿನ ಪಟ್ಟಿಯಿಲ್ಲದ ಉಂಡೆ ಯಾವುದೋ ಗಿರಾಕಿಯ ಹಿಂದೆಯೇ ಬೀದಿಗೆ ಓಡಿ, ಲಾರಿಯ ಚಕ್ರಕ್ಕೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತು. ಚಕ್ರದಿಂದ ತಪ್ಪಿಸಿಕೊಂಡರೂ ಕೊರಳಲ್ಲಿ ಲೈಸೆನ್ಸ್ ಬಿಲ್ಲೆಯಿಲ್ಲದ ನಾಯಿಯನ್ನು ನಗರಸಭೆಯ ವ್ಯಾನಿನವರು ಹಿಡಿದೊಯ್ಯದೆ ಬಿಡುತ್ತಿರಲಿಲ್ಲ. ಟೈಲರ್ ಅವತ್ತೇ ದಪ್ಪ ಜೀನ್ಸ್ ಬಟ್ಟೆ ಮಡಚಿ, ಮೇಣ ಸವರಿದ ದಾರ ಪೋಣಿಸಿ, ಬಕಲ್ಲೇ ಇಲ್ಲದ ಪಟ್ಟಿಯನ್ನು ಉಂಡೆಯ ಕೊರಳಿಗೆ ಸುತ್ತಿ ಅಲ್ಲೇ ಹೊಲಿದುಬಿಟ್ಟ.

"ಈಗ ಬಿಚ್ಚು ನೋಡೋಣ" ಎಂದು ಹೆಂಡತಿಗೆ ಸವಾಲು ಹಾಕಿ ನಕ್ಕ. ಅವಳೂ ಬಾಯಿಯ ಒಂದು ಬದಿಯಲ್ಲಿ ನಕ್ಕಳು.

ಅವನೇನು ದಡ್ಡನಲ್ಲ. ಬೆಳೆಯುವ ಮಕ್ಕಳ ಸಮವಸ್ತ್ರ ಹೊಲಿಯುವಾಗ ಒಳಗೆ ಬಟ್ಟೆ ಮಡಚಿ ಬಿಡುತ್ತಾರಲ್ಲ, ಈ ಪಟ್ಟಿಯಲ್ಲೂ ಹಾಗೇ ಬಿಟ್ಟಿದ್ದ. ಮರಿ ಬೆಳೆದ ಹಾಗೆ ಹೊಲಿಗೆ ಬಿಚ್ಚಿ ಸಡಿಲ ಮಾಡಿದರಾಯಿತು ಎಂದುಕೊಂಡಿದ್ದ. ಅಷ್ಟರಲ್ಲಿ ಶಾಲೆಗಳು ಶುರುವಾಗುವ ಕಾಲ ಬಂತು, ಮೇಜಿನ ಮೇಲೆ ಸಮವಸ್ತ್ರದ ಬಟ್ಟೆ ಗುಡ್ಡೆ ಬಿತ್ತು. ಅದು ಮುಗಿಯುವ ಹೊತ್ತಿಗೆ ಮಲಗಿ ಮಲಗಿ ಹೆಂಡತಿಯ ಬೆನ್ನಿಗೆ ಹುಣ್ಣಾಯಿತು. ಅಡುಗೆ, ಅವಳ ಸ್ನಾನ, ಹುಣ್ಣಿಗೆ ಮದ್ದು, ನಡುನಡುವೆ ಯಂತ್ರ. ಊರ ಮಕ್ಕಳ ಅಂಗಿಯನ್ನೆಲ್ಲ ಬಿಚ್ಚಿ ದೊಡ್ಡದು ಮಾಡಿಕೊಟ್ಟವನಿಗೆ ತನ್ನ ಮನೆಯ ಮರಿ ಬೆಳೆಯುತ್ತಿದೆ ಅನ್ನುವುದು ಮರೆತೇಹೋಯಿತು. ಉಂಡೆಯ ಕೂದಲೂ ಅದರ ಜೊತೆಗೇ ಬೆಳೆದು ಪಟ್ಟಿಯನ್ನು ಮುಚ್ಚಿಬಿಟ್ಟಿತ್ತು.

ಮೊದಲು ಬಂದದ್ದು ವಾಸನೆ. ಹೆಂಡತಿಯ ಹುಣ್ಣು ಕೀವುಗಟ್ಟಿದೆ ಎಂದುಕೊಂಡ. ದಿನಾ ಹಾಸಿಗೆ ಬಟ್ಟೆ ಒಗೆದ, ನೆಲಕ್ಕೆ ಫಿನಾಯಿಲ್ ಹಾಕಿದ, ಅವಳ ಬೆನ್ನು ತೊಳೆದ. ಬೆನ್ನು ಒಣಗುತ್ತಿತ್ತು, ವಾಸನೆ ಹೋಗಲಿಲ್ಲ. ಸಾಕಾಗಿ ಒಮ್ಮೆ ರೇಗಿಯೂ ಬಿಟ್ಟ: "ಎಲ್ಲಿ ನೋವು ಅಂತ ಕೈ ಮಾಡಿಯಾದ್ರೂ ತೋರಿಸಬಾರದಾ?"

ಅವಳು ತೋರಿಸಿದಳು. ಎಡಗೈಯಿಂದ ತನ್ನ ಅಂಗಿಯ ಕೊರಳನ್ನು ಹಿಡಿದು ಜಗ್ಗಿದಳು, ಮತ್ತೆ ಮತ್ತೆ ಜಗ್ಗಿದಳು. ಟೈಲರಿಗೆ ಇನ್ನೇನು ಹೊಳೆಯಬೇಕು? ಅಂಗಿ ಬಿಗಿಯಾಗಿದೆ ಎಂದುಕೊಂಡು ಅದರ ಕೊರಳನ್ನು ಕತ್ತರಿಸಿ ಅಗಲ ಮಾಡಿಕೊಟ್ಟ. ಅವಳು ಮರುದಿನವೂ ಜಗ್ಗಿದಳು. ಇನ್ನಷ್ಟು ಅಗಲ ಮಾಡಿದ. ಅವಳು ಅಳತೊಡಗಿದಳು. ಇಂಥ ಕಾಯಿಲೆಯವರು ಕಾರಣವಿಲ್ಲದೆ ಅಳುತ್ತಾರೆಂದು ಡಾಕ್ಟರು ಹೇಳಿದ್ದು ನೆನಪಾಗಿ, ಕಣ್ಣೊರೆಸಿ ಯಂತ್ರದ ಮುಂದೆ ಹೋಗಿ ಕೂತ.

ದೂರು ಕೊಟ್ಟವರು ಯಾರೋ ಗಿರಾಕಿ ಇರಬೇಕು. ಪ್ರಾಣಿರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರಮ್ಮ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದಳು. ಗುರುತಿನ ಚೀಟಿ ತೋರಿಸಿ, ಪರದೆ ಸರಿಸಿ, ನೇರ ಮಂಚದ ಪಕ್ಕ ಮಂಡಿಯೂರಿದಳು. ಉಂಡೆ ಏಳಲಿಲ್ಲ, ಬಾಲದ ತುದಿ ಅಲ್ಲಾಡಿಸಿತು. ಆಕೆ ಕೈಗವಸು ಹಾಕಿಕೊಂಡು ಕೊರಳ ಕೂದಲನ್ನು ನಿಧಾನವಾಗಿ ಬಿಡಿಸಿದಳು. ಜೀನ್ಸ್ ಬಟ್ಟೆ ಕಾಣಲಿಲ್ಲ. ಅದು ಚರ್ಮದೊಳಗೆ ಇಳಿದು, ಮೇಲೆ ಮಾಂಸ ಬೆಳೆದಿತ್ತು. ಅಲ್ಲಲ್ಲಿ ಮೇಣದ ದಾರ ಇಣುಕುತ್ತಿತ್ತು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಟೈಲರಿಗೆ ಹೆಂಡತಿ ಏನು ಹೇಳುತ್ತಿದ್ದಳು ಎಂಬುದು ಆಗ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಇಂಥ ಬುದ್ಧಿ ಬಾರದಿದ್ದರೇ ವಾಸಿ.

"ಸಡಿಲ ಬಿಟ್ಟಿದ್ದೆ ಮೇಡಂ," ಅಂದ. "ಒಳಗೆ ಬಟ್ಟೆ ಕೂಡ ಬಿಟ್ಟಿದ್ದೆ, ಬೆಳೆದಾಗ ಬಿಚ್ಚೋಣ ಅಂತ."

"ಬಿಚ್ಚಿದ್ರಾ?"

"ಗೊತ್ತಾಗ್ಲಿಲ್ಲ ಮೇಡಂ. ಇವಳನ್ನ ನೋಡ್ಕೊಳ್ಳೋದ್ರಲ್ಲಿ..."

ಇನ್‌ಸ್ಪೆಕ್ಟರಮ್ಮ ಮಂಚದ ಕಡೆ ನೋಡಿದಳು. ಮುಖ ಸ್ವಲ್ಪ ಮೆತ್ತಗಾಯಿತು, ಮಾತು ಮಾತ್ರ ಮೆತ್ತಗಾಗಲಿಲ್ಲ. "ಪ್ರಾಣಿ ಸಾಕೋದು ಅಂದ್ರೆ ಹೊಟ್ಟೆಗೆ ಹಾಕೋದು ಅಷ್ಟೇ ಅಲ್ಲ. ಅದಕ್ಕೆ ನೋವಾಗಿದ್ಯಾ ಅಂತ ನೋಡ್ಬೇಕು, ಆಗಿದ್ರೆ ಚಿಕಿತ್ಸೆ ಕೊಡಿಸ್ಬೇಕು. ಕಾನೂನು ಹಾಗಿದೆ. ಗೊತ್ತಾಗ್ಲಿಲ್ಲ ಅನ್ನೋದು ಉತ್ತರ ಅಲ್ಲ. ಗೊತ್ತು ಮಾಡ್ಕೊಳ್ಳೋದೇ ಸಾಕಿದವರ ಕೆಲಸ."

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ಅವನಿಗೆ ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗಲಿಲ್ಲ.

ಉಂಡೆಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕಿತ್ತು. ಆದರೆ ಹೆಂಡತಿಯ ಎಡಗೈ ಅದರ ಬೆನ್ನ ಕೂದಲನ್ನು ಬಿಗಿಯಾಗಿ ಹಿಡಿದಿತ್ತು. ಇನ್‌ಸ್ಪೆಕ್ಟರಮ್ಮ "ಅಮ್ಮಾ, ಬಿಡಿಮ್ಮಾ" ಅಂದಳು. ಬಿಡಲಿಲ್ಲ. ಕೊನೆಗೆ ಟೈಲರೇ ಬಗ್ಗಿ, ಒಂದೊಂದೇ ಬೆರಳನ್ನು ಬಿಡಿಸಿದ. ಬಿಡಿಸುವಾಗ ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಅವತ್ತಿನಿಂದ ಅವಳು ಬಾಯಿ ಬಿಗಿದುಕೊಂಡಳು. ಚಮಚ ತುಟಿಗೆ ತಾಗಿಸಿದರೆ ಮುಖ ತಿರುಗಿಸುತ್ತಿದ್ದಳು. ಅವಳ ಅಕ್ಕ, ಟೈಲರ್ ಅತ್ತಿಗೆ ಎನ್ನುತ್ತಿದ್ದವಳು, ಬಂದು ಗೋಗರೆದಳು, ಗದರಿದಳು. ಎರಡು ಗುಟುಕು ನೀರು ಹೋದರೆ ಹೆಚ್ಚು. "ಹೀಗೇ ಆದ್ರೆ ಇವಳು ಉಳಿಯಲ್ಲ," ಅಂದಳು ಅತ್ತಿಗೆ. "ಕಾಲು ಹಿಡೀತೀರೋ ಕೈ ಹಿಡೀತೀರೋ, ಆ ನಾಯೀನ ತನ್ನಿ."

ಇನ್‌ಸ್ಪೆಕ್ಟರಮ್ಮ ಹಾಕಿದ ಕೇಸಿನ ವಿಚಾರಣೆಯ ದಿನ ಟೈಲರ್ ತಾನೇ ಹೊಲಿದ ಒಳ್ಳೆಯ ಅಂಗಿ ತೊಟ್ಟು ನ್ಯಾಯಾಲಯಕ್ಕೆ ಹೋದ. ವಕೀಲರು ಬಾಗಿಲಲ್ಲೇ ಕಿವಿಯಲ್ಲಿ ಉಸುರಿದರು: "ನಾಯಿ ಲೈಸೆನ್ಸ್ ನಿಮ್ಮ ಹೆಂಡತಿ ಹೆಸರಲ್ಲಿದೆ. ನೋಡ್ಕೊಳ್ತಿದ್ದೋರು ಅವರೇ ಅಂತ ಹೇಳಿ. ಕಾಯಿಲೆಯವರು ಅಂತ ಕನಿಕರ ತೋರಿಸಬಹುದು."

ಟೈಲರ್ ಆಯಿತು ಎಂದು ತಲೆಯಾಡಿಸಿದ. ಒಳಗೆ ಹೋಗಿ ನಿಂತಾಗ ನ್ಯಾಯಾಧೀಶರು ಪಟ್ಟಿಯ ಫೋಟೋ ನೋಡಿ, "ಇದನ್ನ ಹೊಲಿದಿದ್ದು ಯಾರು?" ಎಂದು ಕೇಳಿದರು.

ಮನೆಯಲ್ಲಿ ಉಂಡೆಯ ನೋವನ್ನು ಕಂಡವಳು ಹೆಂಡತಿಯೊಬ್ಬಳೇ, ಹೇಳಲು ಹೆಣಗಿದವಳೂ ಅವಳೊಬ್ಬಳೇ. ಅವಳ ಹೆಸರು ಹೇಳಲು ಅವನ ನಾಲಿಗೆ ಏಳಲಿಲ್ಲ.

"ನಾನೇ ಸ್ವಾಮಿ," ಅಂದ. "ಅವಳದೇನೂ ತಪ್ಪಿಲ್ಲ. ಏನು ಶಿಕ್ಷೆಯಾದ್ರೂ ಕೊಡಿ. ನಾಯಿ ಮಾತ್ರ ಮನೆಗೆ ಕಳಿಸಿಕೊಡಿ. ಅದಿಲ್ದೆ ನನ್ನ ಹೆಂಡ್ತಿ ಊಟ ಬಿಟ್ಟಿದ್ದಾಳೆ."

ನ್ಯಾಯಾಧೀಶರು ಕನ್ನಡಕ ತೆಗೆದು ಅವನ ಕಡೆ ನೋಡಿದರು. ಕಲ್ಲೆದೆಯವರಾಗಿದ್ದರೆ ಅವರನ್ನಾದರೂ ಶಪಿಸಬಹುದಿತ್ತು. "ನಿಮ್ಮ ಹೆಂಡತಿ ಕಷ್ಟ ನನಗೆ ಅರ್ಥ ಆಗತ್ತೆ," ಅಂದರು. "ಆದ್ರೆ ಆ ನಾಯಿ ಔಷಧಿ ಬಾಟಲಿ ಅಲ್ಲ. ಅದಕ್ಕೂ ಜೀವ ಇದೆ. ಇಬ್ಬರನ್ನ ನೋಡ್ಕೊಳ್ಳೋಕೆ ನಿಮ್ಮ ಕೈಲಿ ಆಗಲ್ಲ ಅಂತ ಈ ಫೋಟೋನೇ ಹೇಳ್ತಿದೆ." ಟೈಲರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಗಾಯ ಮಾಗಿದ ಮೇಲೆ ಉಂಡೆಯನ್ನು ಬೇರೆ ಮನೆಗೆ ಕೊಡಬೇಕು, ಇನ್ನು ಮುಂದೆ ಆ ಮನೆಯಲ್ಲಿ ಯಾವ ಪ್ರಾಣಿಯನ್ನೂ ಸಾಕಕೂಡದು ಎಂದು ತೀರ್ಪಾಯಿತು.

ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡ. ತಪ್ಪು ನನ್ನದು ಕಣೇ ಅನ್ನಬೇಕು. ಉಂಡೆ ಇನ್ನು ಬರಲ್ಲ ಅನ್ನಬೇಕು. ಪರದೆ ಸರಿಸಿದಾಗ ಹೆಂಡತಿ ಅವನ ಮುಖವನ್ನು ನೋಡಲಿಲ್ಲ. ಅವನ ಕಾಲಿನ ಹತ್ತಿರ, ಉಂಡೆ ಇರಬೇಕಾದ ಎತ್ತರದಲ್ಲಿ ನೋಡಿದಳು. ಜೋಡಿಸಿಕೊಂಡ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಆಸ್ಪತ್ರೇಲಿದೆ," ಅಂದ. "ಗಾಯ ಒಣಗಿದ ಕೂಡ್ಲೇ ಕಳಿಸ್ತಾರಂತೆ. ಅಷ್ಟರೊಳಗೆ ನೀನು ಗಟ್ಟಿಯಾಗಬೇಕು ನೋಡು."

ಅವಳು ಬಾಯಿ ತೆರೆದಳು. ಅವನು ಉಣ್ಣಿಸಿದ. ಅತ್ತಿಗೆ ಅಡುಗೆಮನೆಯಲ್ಲಿ ಅವನನ್ನು ಅಡ್ಡಗಟ್ಟಿ, "ಎಷ್ಟು ದಿನ ಅಂತ ಸುಳ್ಳು ಹೇಳ್ತೀರಿ?" ಎಂದು ಕೇಳಿದಳು. ಅವನು ಎಂಜಲು ತಟ್ಟೆ ತೊಳೆಯತೊಡಗಿದ.

ಆಮೇಲೆ ನಡೆದದ್ದನ್ನು ಸುಖವೆನ್ನಬೇಕೋ ಏನೆನ್ನಬೇಕೋ ತಿಳಿಯದು. ಹೆಂಡತಿ ಚೇತರಿಸಿಕೊಳ್ಳತೊಡಗಿದಳು. ತಟ್ಟೆ ಖಾಲಿ ಮಾಡಿದಳು. ಗೋಡೆ ಹಿಡಿದು ನಿಂತಳು, ಕಾಲೆಳೆದುಕೊಂಡು ಪರದೆಯವರೆಗೆ ಬಂದಳು. ಮನೆಗೆ ಬಂದು ಅವಳ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದಾಕೆ ಬೆರಗಾಗಿ, "ಏನು ಮಾಡಿದ್ರಿ ಸಾರ್? ನಾವು ಆಸೆ ಬಿಟ್ಟಿದ್ವಿ" ಅಂದಳು. ಟೈಲರ್ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದ, ದಾರ ಒಳಗೆ ಹೋಗುತ್ತಲೇ ಇರಲಿಲ್ಲ. ಆ ಹೊತ್ತಿಗಾಗಲೇ ಉಂಡೆ ಯಾವುದೋ ದೂರದ ಮನೆಗೆ ಹೋಗಿ ಆಗಿತ್ತು.

ಹೆಂಡತಿ ಈಗ ದಿನವೆಲ್ಲ ಅಂಗಡಿಯ ಬಾಗಿಲ ಬಳಿ ಕುರ್ಚಿಯಲ್ಲಿ ಕೂರುತ್ತಾಳೆ, ಬೀದಿ ನೋಡುತ್ತಾಳೆ. ಒಂದು ಬೆಳಿಗ್ಗೆ ವ್ಯಾನೊಂದು ಮನೆಯ ಮುಂದೆ ನಿಧಾನಿಸಿ ಮುಂದಕ್ಕೆ ಹೋಯಿತು. ಅವಳ ಗಂಟಲಿನಿಂದ ಏನೋ ಸದ್ದು ಹೊರಟಿತು. ಟೈಲರ್ ಯಂತ್ರ ನಿಲ್ಲಿಸಿದ. ಅವಳು ತುಟಿಯನ್ನು ಕಷ್ಟಪಟ್ಟು ಕೂಡಿಸಿ, ಮತ್ತೊಮ್ಮೆ ಪ್ರಯತ್ನಿಸಿದಳು.

"ಬಂ...ತಾ?"

ಈ ದನಿಯನ್ನು ಇನ್ನೊಮ್ಮೆ ಕೇಳಿಬಿಟ್ಟರೆ ಸಾಕು, ಬೇರೇನೂ ಬೇಡ ಎಂದು ಅವನು ಎಷ್ಟು ಹಂಬಲಿಸಿದ್ದನೋ. ಈಗ ಕೇಳಿದ ಮೇಲೆ ಎದ್ದು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು. ಅವಳು ಅವನ ಕಡೆ ತಿರುಗಿ, ಹೊಸದಾಗಿ ಸಿಕ್ಕ ಮಾತಿನ ಖುಷಿಗೆ ಮುಖವರಳಿಸಿ, ಇನ್ನೂ ಸ್ಪಷ್ಟವಾಗಿ ಕೇಳಿದಳು: "ಬಂತಾ?"

"ಇನ್ನೂ ಇಲ್ಲ ಕಣೇ," ಅಂದ. "ನಾಳೆ ಬರಬಹುದು."