ಕಂದು ಚೌಕಳಿಯ ತುಂಡು

ನಮ್ಮ ಮಾವ ದರ್ಜಿ. ಸೊಸೆಯಾಗಿ ಬಂದ ನಾನು ಅವರ ಅಂಗಡಿಯಲ್ಲೇ ಕಾಜಾ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ. ಎರಡೂವರೆ ಮೀಟರ್ ಸಾಕಾಗುವ ಕಡೆ ಮೂರು ತನ್ನಿ ಎನ್ನುವುದು ಮಾವನ ಹಳೆಯ ಅಭ್ಯಾಸ. ಉಳಿದದ್ದು ಯಂತ್ರದ ಕೆಳಗಿನ ಪೆಟ್ಟಿಗೆಗೆ ಹೋಗುತ್ತಿತ್ತು. ಅದರಲ್ಲಿ ದೊಡ್ಡ ತುಂಡುಗಳು ಮಕ್ಕಳ ಚಡ್ಡಿಗಳಾಗಿ ಅಂಗಡಿಯ ಮುಂದೆ ನೇತಾಡುತ್ತಿದ್ದವು. ನಾನೊಮ್ಮೆ ಕೇಳಿದ್ದಕ್ಕೆ, ಅಕ್ಕಸಾಲಿ ಅಕ್ಕನ ಚಿನ್ನವನ್ನೇ ಬಿಡುವುದಿಲ್ಲವಂತೆ, ದರ್ಜಿ ತುಂಡು ಬಟ್ಟೆ ಬಿಟ್ಟಾನೆಯೇ ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಭಾನುವಾರ ಅದೇ ಮಾವ ಕರಿ ಕೋಟು ತೊಟ್ಟು ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಹಿಡಿದು ಸಾಲು ಸಾಲಿಗೂ ಹೋಗುತ್ತಿದ್ದರು. ಸಭೆಯ ಹಿರಿಯರು, ಮರ್ಯಾದಸ್ಥರು.

ಅತ್ತೆಗೆ ಇದೊಂದೂ ಗೊತ್ತಿರಲಿಲ್ಲ. ಮಂಡಿನೋವಿನಿಂದ ಅವರು ಅಂಗಡಿಗೆ ಬರುತ್ತಿರಲಿಲ್ಲ. ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಚೂರುಗಳು ಎಂದು ಮಾವ ಹೇಳಿದ್ದನ್ನು ನಂಬಿದ್ದರು.

ಚಳಿ ಶುರುವಾದಾಗ ಪಾದ್ರಿಗಳು ಪ್ರಸಂಗದಲ್ಲಿ ಖಾರವಾಗಿಯೇ ಹೇಳಿದರು. ಪಶ್ಚಾತ್ತಾಪಪಟ್ಟೆವೆಂದು ಇಲ್ಲಿ ಅತ್ತರೆ ಸಾಲದು, ಮನೆಗೆ ಹೋಗಿ ಬೀರು ತೆಗೆಯಿರಿ, ಆಸ್ಪತ್ರೆಯ ಜಗಲಿಯಲ್ಲಿ ರೋಗಿಗಳ ಕಡೆಯವರು ಬರಿ ನೆಲದಲ್ಲಿ ಮಲಗುತ್ತಿದ್ದಾರೆ ಎಂದರು. ಮಾತು ಅತ್ತೆಗೆ ನಾಟಿತು. ಪೆಟ್ಟಿಗೆಯನ್ನು ಮನೆಗೆ ತರಿಸಿಕೊಂಡರು. ಮಾವ ಬೇಡವೆನ್ನಲು ಬಾಯಿ ತೆರೆದು ಮುಚ್ಚಿಕೊಂಡರು. ಏನು ಕಾರಣ ಕೊಟ್ಟು ಬೇಡವೆನ್ನುತ್ತಾರೆ? ಅತ್ತೆ ಚೂರಿಗೆ ಚೂರು ಜೋಡಿಸಿ, ಇಬ್ಬರು ಹೊದೆಯುವಷ್ಟು ಅಗಲದ ಹೊದಿಕೆ ಹೊಲಿದರು.

ಮುಂದಿನ ಆರಾಧನೆ ಮುಗಿದ ಮೇಲೆ, ಬಂದದ್ದನ್ನೆಲ್ಲ ಚರ್ಚಿನ ಹಾಲ್‌ನಲ್ಲಿ ಉದ್ದ ಮೇಜಿನ ಮೇಲೆ ಹರಡಿದರು. ಅತ್ತೆಯ ಹೊದಿಕೆ ಎಲ್ಲರಿಗೂ ಕಾಣಲಿ ಎಂದು ಪಾದ್ರಿಗಳ ಹೆಂಡತಿ ಅದನ್ನು ಪೂರ್ತಿ ಬಿಚ್ಚಿಟ್ಟರು. ಕೆಟ್ಟಿತಲ್ಲ! ಅದರಲ್ಲಿ ಇಡೀ ಸಭೆಯೇ ಇತ್ತು. ನರ್ಸಮ್ಮನ ಹೂವಿನ ಅಂಗಿ, ಲೆಕ್ಕದ ಮೇಷ್ಟ್ರ ನೀಲಿ ಪ್ಯಾಂಟು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, ತಮ್ಮ ಪ್ಯಾಂಟು ಯಾಕೆ ಗಿಡ್ಡವಾಯಿತೆಂದು ಈಗ ತಿಳಿಯಿತು ಎಂದರು. ಎಲ್ಲರೂ ನಕ್ಕರು. ಮಾವನೂ ಹಲ್ಲು ಕಿರಿದರು.

ಬಸ್ ಡ್ರೈವರನ ಹೆಂಡತಿ ಮಾತ್ರ ನಗಲಿಲ್ಲ. ಅವರ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನಿವೃತ್ತಿಯ ದಿನಕ್ಕೆಂದು ಮಾವನ ಹತ್ತಿರ ಹೊಲಿಸಿದ್ದ ಕಂದು ಚೌಕಳಿಯ ಸೂಟಿನಲ್ಲೇ ಅವರನ್ನು ಮಣ್ಣು ಮಾಡಿದ್ದರು. ಆಮೇಲೆ ಆಕೆ ಅಂಗಡಿಗೆ ಬಂದು, ಆ ಬಟ್ಟೆಯ ಒಂದು ಚೂರಾದರೂ ಉಳಿದಿದ್ದರೆ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದ್ದರು. ಹೆಬ್ಬೆರಳಷ್ಟೂ ಉಳಿದಿಲ್ಲ ಎಂದಿದ್ದರು ಮಾವ. ಉಳಿದಿದೆ ಎಂದರೆ ಹೆಚ್ಚು ತರಿಸಿದ್ದು ಬಯಲಾಗುತ್ತಿತ್ತಲ್ಲ. ಈಗ ಹೊದಿಕೆಯ ನಟ್ಟನಡುವೆ ಎರಡಂಗೈ ಅಗಲದ ಕಂದು ಚೌಕಳಿ. ಆಕೆ ಅದನ್ನು ಮೆಲ್ಲಗೆ ಸವರುತ್ತ ನಿಂತಿದ್ದರು.

“ಅಕ್ಕಾ, ಈ ಬಟ್ಟೆ ನಿಮಗೆಲ್ಲಿ ಸಿಕ್ತು?” ಎಂದು ಅತ್ತೆಯನ್ನು ಕೇಳಿದರು. ದನಿಯಲ್ಲಿ ಸಂಶಯ ಇರಲಿಲ್ಲ. ಆಸೆ ಇತ್ತು.

ಅತ್ತೆ ಮಾವನ ಕಡೆ ತಿರುಗಿದರು. ಮಾವನ ಮುಖ ಬಿಳಿಚಿಕೊಂಡಿತ್ತು. ಬಾಯಿ ಇದ್ದವಳು ನಾನು, ನನ್ನ ನಾಲಿಗೆ ಬಿದ್ದುಹೋಗ! “ಬಟ್ಟೆ ಅಂಗಡೀಲಿ ಅದೇ ಥಾನಿಂದ ಎಷ್ಟೋ ಜನ ತಗೋತಾರಲ್ಲಮ್ಮಾ, ಇದು ಬೇರೆ ಯಾರದೋ” ಅಂದುಬಿಟ್ಟೆ. ಆಕೆ ಹೌದೇನೋ ಎಂದು ಕೈ ಹಿಂದಕ್ಕೆಳೆದುಕೊಂಡರು. ಅಬ್ಬಾ, ಬದುಕಿದೆವು ಎಂದುಕೊಂಡೆ. ಮಾವನ ಮಾನ ಉಳಿಸಿದೆನೆಂದು ನನಗೆ ಹೆಮ್ಮೆಯೇ ಆಗಿತ್ತು. ಎಂಥ ಹೆಮ್ಮೆಯೋ!

ಮಾವನ ಮುಖ ನೋಡಿಯೇ ಅತ್ತೆಗೆ ಎಲ್ಲ ತಿಳಿದುಹೋಗಿತ್ತು. ಅವತ್ತು ಮನೆಯಲ್ಲಿ ಅವರು ಊಟ ಬಡಿಸಲಿಲ್ಲ. ಕದ್ದ ಬಟ್ಟೆಯನ್ನು ದೇವರ ಹೆಸರಲ್ಲಿ ಕೊಟ್ಟೆ, ಎಲ್ಲರೂ ಹೊಗಳುವಾಗ ಹಿಗ್ಗಿದೆ ಎಂದು ಮುಖ ಮುಚ್ಚಿಕೊಂಡು ಕುಳಿತರು. ಆಮೇಲೆ ಮಾವನಿಗೆ ಒಂದೇ ಮಾತು ಕೇಳಿದರು. “ಹೊಲಿಗೆ ಕೂಲೀಲೇ ನಮ್ಮ ಹೊಟ್ಟೆ ತುಂಬ್ತಿತ್ತಲ್ಲ. ಇನ್ನೂ ಏನು ಬೇಕಿತ್ತು ನಿಮಗೆ?”

ಮಾವ ಎದ್ದು ಬೀರುವಿನಿಂದ ಕರಿ ಕೋಟು ತೆಗೆದರು. ಎಲ್ಲಿಗೋ ಹೊರಟರು ಎಂದುಕೊಂಡೆ. ಅದನ್ನು ಮೇಜಿನ ಮೇಲೆ ಹರಡಿ ಬೆನ್ನಿಗೇ ಕತ್ತರಿ ಹಾಕಿದರು. ಅವರಿಗಿದ್ದದ್ದು ಅದೊಂದೇ ಕೋಟು. ನಾನು ತಡೆಯಲು ಹೋದರೆ ಅತ್ತೆ ಕೈ ಹಿಡಿದು ಸುಮ್ಮನಿರಿಸಿದರು.

ಮೂವರೂ ಹಾಲ್‌ಗೆ ಹೋದೆವು. ಮಾವ ಪಾದ್ರಿಗಳಿಗೆ ನಡೆದದ್ದನ್ನು ಹೇಳಿದರು. ಉಳಿದವರಿಗೆ ಬರುವ ಭಾನುವಾರ ಎಲ್ಲರೆದುರು ನಿಂತು ಹೇಳುತ್ತೇನೆ, ತಟ್ಟೆಯನ್ನು ಬೇರೆಯವರ ಕೈಗೆ ಕೊಡಿ ಎಂದರು. ಕಂದು ತುಂಡಿನ ಹೊಲಿಗೆ ಬಿಚ್ಚಿ ತೆಗೆದು, ಆ ಜಾಗಕ್ಕೆ ಕೋಟಿನ ಬಟ್ಟೆ ಇಟ್ಟು ಹೊಲಿದರು. ಹೊಲಿಗೆ ಸೊಟ್ಟಗಾಯಿತು.

ಅಲ್ಲಿಂದ ನೇರ ಡ್ರೈವರನ ಮನೆಗೆ. ಮಾವ ಹೊಸ್ತಿಲ ಹೊರಗೇ ನಿಂತರು.

“ತಂಗೀ, ಇದು ನಿಮ್ಮ ಯಜಮಾನರದ್ದೇ ಬಟ್ಟೆ. ಬೇಕಾದ್ದಕ್ಕಿಂತ ಹೆಚ್ಚು ತರಿಸಿ ಇಟ್ಕೊಂಡಿದ್ದೆ. ನೀವು ಕೇಳಿದಾಗ ಇಲ್ಲ ಅಂದೆ. ನಾನು ಕಳ್ಳ” ಎಂದರು. ನಾನು ಹೇಳಿದ ಸುಳ್ಳಿನ ಸುದ್ದಿಯನ್ನು ಎತ್ತಲೇ ಇಲ್ಲ. ನಾನು ಅವರ ಬೆನ್ನ ಹಿಂದೆ ಸುಮ್ಮನೆ ನಿಂತಿದ್ದೆ.

ಆಕೆ ತುಂಡನ್ನು ಕೆನ್ನೆಗೊತ್ತಿಕೊಂಡು ಅತ್ತರು. ಬೈಯುತ್ತಾರೆಂದು ಕಾದೆವು, ಬೈಯಲಿಲ್ಲ. ಕಣ್ಣೊರೆಸಿಕೊಂಡು ನಮ್ಮನ್ನು ಒಳಗೆ ಕರೆದರು, ಕುರ್ಚಿ ಹಾಕಿದರು. ಅತ್ತೆಗೂ ಮಾವನಿಗೂ ನೀರು ಕೊಟ್ಟರು. ನನಗೆ ಲೋಟ ಚಾಚಿದವರು ಹಾಗೇ ನಿಂತು ನನ್ನ ಮುಖ ನೋಡಿದರು.

“ಬೇರೆ ಯಾರದೋ ಅಂದ್ಯಲ್ಲ ಮಗಳೇ. ಯಾರದೋ ಬಟ್ಟೇನ ಅಷ್ಟು ಜನರ ಮುಂದೆ ಸವರ್‍ತಾ ನಿಂತಿದ್ನಲ್ಲ ಅಂತ, ಮನೆಗೆ ಬಂದು ನಾಚಿಕೆಯಿಂದ ಸತ್ತುಹೋದೆ ನಾನು.”

ಲೋಟ ಇಬ್ಬರ ಕೈಯಲ್ಲೂ ಇತ್ತು.

“ಗೊತ್ತಿದ್ದೇ ಹೇಳ್ದೆ, ಅಮ್ಮಾ” ಎಂದೆ. ತಲೆ ಎತ್ತಲು ಆಗಲಿಲ್ಲ.