ಸುಟ್ಟ ಅನ್ನನಾಳ, ಬಿಸಿ ಗಂಜಿ

ಅಣ್ಣ ಗ್ವಾಂಗ್‌ಶುನ್ ನನ್ನ ಕೂದಲು ಹಿಡಿದು ತಲೆಯನ್ನು ಮೇಜಿಗೆ ಅಪ್ಪಳಿಸಿದ. ನವಣೆ ಗಂಜಿಯ ಬಟ್ಟಲು ಪಕ್ಕದಲ್ಲೇ ಹಬೆಯಾಡುತ್ತಿತ್ತು. ಅಪ್ಪನ ಸಮಾಧಿಯಲ್ಲಿ ಸತ್ತವರಿಗೆಂದು ಕಾಗದದ ಹಣ ಸುಟ್ಟು ಆಗಷ್ಟೇ ಬಂದಿದ್ದೆವು.

"ಕುಡಿಯೋ."

"ತಣ್ಣಗಾಗ್ಲಿ ಅಣ್ಣ, ಕುಡೀತೀನಿ."

"ತಣ್ಣಗಿರೋದನ್ನ ಹಂದಿಗೆ ಹಾಕ್ತೀವಿ. ನೀನು ಹಂದಿಯಾ?"

ಚೀನಾದ ಲಿನ್‌ಝೌನ ನಮ್ಮ ಬೆಟ್ಟದೂರಲ್ಲಿ ಗಂಜಿ ನಾಲಿಗೆ ಸುಡಬೇಕು. ಊದಿ ಕುಡಿದರೆ ಮನೆಯವರಿಗೆ ಅವಮಾನ. ಜೀವನಪೂರ್ತಿ ಹಾಗೇ ಕುಡಿದ ಅಪ್ಪ ಕೊನೆಗೆ ನೀರೂ ಇಳಿಯದೆ ಸತ್ತ.

ಹೋದ ವರ್ಷ ಕ್ಯಾನ್ಸರ್ ತಪಾಸಣೆಯವರು ಊರಿಗೆ ಬಂದಾಗ ಅಣ್ಣ ಹಂದಿದೊಡ್ಡಿಯಲ್ಲಿ ಅಡಗಿದ್ದ. ಈ ವರ್ಷ ನಾನು ಹೋದೆ. ನನ್ನ ಅನ್ನನಾಳದ ಒಳಪದರ ಕೆಟ್ಟಿತ್ತು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಹೋದ ವಾರ ಡಾಕ್ಟರ್ ಶೆನ್ ಬಾಯೊಳಗೆ ಕೊಳವೆ ಇಳಿಸಿ, ವಿದ್ಯುತ್ತಿನ ಶಾಖದಿಂದ ಅದನ್ನು ಸುಟ್ಟರು.

"ಹೆಚ್ಚಿನವರಿಗೆ ಹೊಸ ಚರ್ಮ ಬರುತ್ತೆ. ಕೆಲವರಿಗೆ ನಾಳ ಕಿರಿದಾಗುತ್ತೆ, ಹಿಗ್ಗಿಸಬಹುದು. ಹುಣ್ಣು ಮಾಯೋವರೆಗೂ ಬಿಸಿ ಮುಟ್ಟಬೇಡ," ಎಂದಿದ್ದರು.

ಅಣ್ಣ ಹೆಬ್ಬೆರಳಿನಿಂದ ನನ್ನ ದವಡೆ ಬಿಡಿಸಿ ಗಂಜಿ ಸುರಿದ. ತುಟಿ ಬೊಬ್ಬೆಯೆದ್ದಿತು. ಒಂದು ಗುಟುಕು ಎದೆಯೊಳಗೆ ಕಾದ ಸಲಾಕೆಯಂತೆ ಇಳಿಯಿತು. ಉಳಿದದ್ದನ್ನು ಅವನ ಮುಖಕ್ಕೆ ಉಗಿದು ಮೊಣಕಾಲಿಗೆ ಒದ್ದೆ.

"ಇಬ್ರೂ ಸಾಯ್ರಿ," ಅಂದಳು ಅತ್ತಿಗೆ. "ಬಟ್ಟಲು ಮಾತ್ರ ಒಡೀಬೇಡಿ."

ಅಣ್ಣ ಮುಖ ಒರೆಸಿಕೊಂಡು ಹಬೆಯಲ್ಲಿ ಬೇಯಿಸಿದ ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡ. "ನೋಡು, ಗಂಡಸು ನುಂಗೋದು ಹೀಗೆ."

ನುಂಗಿದ. ಅದು ಇಳಿಯಲಿಲ್ಲ. ಎದೆ ಗುದ್ದಿಕೊಂಡ, ಅದರ ಮೇಲೆ ಬಾಯಿಗೆ ಗಂಜಿ ಹೊಯ್ದುಕೊಂಡ. ಎಲ್ಲ ಮೂಗಿನಿಂದ ಹೊರಬಂತು. ಅಪ್ಪನಿಗೂ ಹೀಗೇ ಆಗುತ್ತಿತ್ತು.

"ಯಾವಾಗಿಂದ ಹೀಗೆ?" ಎಂದೆ.

ಉತ್ತರವಾಗಿ ಗುದ್ದು ಬಂತು. ನಾನು ಕಬ್ಬಿಣದ ಸೌಟೆತ್ತಿ ಅವನ ಬಾಯಿಗೆ ಬಾರಿಸಿದೆ, ಹಲ್ಲು ಮುರಿಯಿತು. ಕಿವಿಯ ಹಿಂದೆ ಇನ್ನೊಂದು ಕೊಟ್ಟೆ. ಬಿದ್ದ. ಅತ್ತಿಗೆ ಹಂದಿ ಕಟ್ಟುವ ಹಗ್ಗ ತಂದಳು. ಕೈ ಕಟ್ಟಿ ಮೂರು ಚಕ್ರದ ಗಾಡಿಗೆ ಎತ್ತಿಹಾಕಿದೆವು. ಆಸ್ಪತ್ರೆಯ ದಾರಿಯಲ್ಲಿ ಎಚ್ಚರಾಗಿ ನನ್ನ ತೋಳು ಕಚ್ಚಿದ. ರಕ್ತ ಬಂದರೂ ಬಿಡಲಿಲ್ಲ.

ಡಾಕ್ಟರ್ ಶೆನ್ ಅವನಿಗೂ ಕೊಳವೆ ಇಳಿಸಿ ನೋಡಿದರು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರನೆಯ ದಿನ ಹೇಳಿದರು: "ಗೆಡ್ಡೆ ಆಳಕ್ಕೆ ಇಳಿದಿದೆ. ಸುಟ್ಟರೆ ಹೋಗಲ್ಲ, ಕೊಯ್ಯಬೇಕು. ಹೋದ ವರ್ಷವೇ ಬಂದಿದ್ರೆ ಬಹುಶಃ ಸುಡೋದೇ ಸಾಕಾಗ್ತಿತ್ತು."

ಅಣ್ಣ ಗೋಡೆ ನೋಡುತ್ತ ಮಲಗಿದ್ದ.

"ನಿಂದು?" ಎಂದ.

"ನಿನ್ನ ಗಂಜಿ ಸುಟ್ಟ ಕಡೆ ನಾಳ ಕಿರಿದಾಗಬಹುದಂತೆ. ಕಾದು ನೋಡ್ಬೇಕು."

ಮಲಗಿದಲ್ಲಿಂದಲೇ ನನ್ನ ಮೊಣಕಾಲಿಗೆ ಒದ್ದ.

"ಹೋಗು. ಏನಾದ್ರೂ ತಣ್ಣಗಿರೋದು ಕುಡಿ."